ಬ್ರೆಡ್ಡಿನ ರಂಜಿತ ಗಂಡು ನೋಡಿದ ಕಥೆ

ಮದ್ದೂರಿನ ಪೇಟೆ ಬೀದಿಯಲ್ಲಿ ನಿಂತು ರಂಜಿತ ಎಲ್ಲಿ ಎಂದು ಕೇಳಿದರೆ, ಯಾವ ರಂಜಿತ ಎಂಬ ಮರುಪ್ರಶ್ನೆ ಬರುತ್ತದೆ. ಬ್ರೆಡ್ಡಿನ ರಂಜಿತ ಎಂದರೆ ಮಾತ್ರ ಎಲ್ಲರೂ ಅಫ್ಸರ್ ಪಾಷಾ ಅವರ ಬೇಕರಿಯ ಕಡೆ ಕೈ ತೋರಿಸುತ್ತಾರೆ. ಈ ಹೆಸರು ಅವಳ ತಾಯಿ ದೇವಿರಮ್ಮನವರಿಗೆ ಯಾವತ್ತೂ ಹಿಡಿಸಲಿಲ್ಲ. ಬಿ.ಕಾಂ. ಓದಿದ ಮಗಳು ಬ್ಯಾಂಕಿನ ರಂಜಿತ ಆಗಬಹುದಿತ್ತು, ಕೊನೆಗೆ ಸೊಸೈಟಿ ರಂಜಿತ ಆದರೂ ಆಗಬಹುದಿತ್ತು. ಹೋಗಿ ಹೋಗಿ ಬ್ರೆಡ್ಡು! ಈ ಕಡೆ ಜನ ಬ್ರೆಡ್ಡು ತಿನ್ನುವುದು ಜ್ವರ ಬಂದಾಗ. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವವರು ಒಂದು ಪೌಂಡು ಬ್ರೆಡ್ಡು, ನಾಲ್ಕು ಮೂಸಂಬಿ ಹಿಡಿದು ಹೋಗುತ್ತಾರೆ. ಮೈಯಲ್ಲಿ ಸ್ವಲ್ಪ ಕಸುವಿದ್ದವರು ಯಾರೂ ಅದನ್ನು ಊಟವೆಂದು ಒಪ್ಪುವುದಿಲ್ಲ.

“ಊರೋರ್ಗೆಲ್ಲ ಜ್ವರ ಬರ್ಲಿ ಅಂತ ಕಾಯೋ ಕೆಲ್ಸ ಕಣಮ್ಮಿ ನಿಂದು” ಎನ್ನುತ್ತಿದ್ದರು ದೇವಿರಮ್ಮ.

ರಂಜಿತ ಮೊದಲು ಗೆಜ್ಜಲಗೆರೆ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಲೆಕ್ಕಪತ್ರ ನೋಡುತ್ತಿದ್ದಳು. ಲಾಕ್‌ಡೌನ್ ಬಂದು ಮನೆಯಲ್ಲಿ ಕುಳಿತಾಗ, ಮೊಬೈಲ್ ನೋಡಿಕೊಂಡು ಕುಕ್ಕರಿನ ತಳಕ್ಕೆ ಉಪ್ಪು ಹಾಸಿ ಬ್ರೆಡ್ಡು ಸುಟ್ಟಳು. ತಂದೆ ಬೋರಯ್ಯನವರು ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರು ಆ ಮೊದಲ ಬ್ರೆಡ್ಡನ್ನು ಕೈಗೆ ತೆಗೆದುಕೊಂಡು ಬಸ್ಸಿನ ಬದಿಗೆ ಬಡಿಯುವ ಹಾಗೆ ಎರಡು ಸಲ ಬಡಿದು, ಶಬ್ದ ಕೇಳಿ, “ರೈಟ್, ಓಗ್ಲಿ” ಅಂದರು. ತಿನ್ನಲಿಲ್ಲ.

ಮುಂದಿನ ಸಲಕ್ಕೆ ಈಸ್ಟ್ ಸಾಲದೆ ಅವಳು ಪಾಷಾ ಬೇಕರಿಗೆ ಹೋದಳು. ಅಲ್ಲಿಯ ಕೆಲಸಗಾರರೆಲ್ಲ ತಮ್ಮ ತಮ್ಮ ಊರಿಗೆ ಹೊರಟು ಹೋಗಿದ್ದರು. ಅಫ್ಸರ್ ಪಾಷಾ ಅವರಿಗೆ ಮೈದಾ ಹಿಟ್ಟಿನ ದೂಳಿಗೆ ಉಬ್ಬಸ ಹಿಡಿದು ಗಲ್ಲಾದ ಮುಂದಿನ ಕುರ್ಚಿ ಖಾಯಂ ಆಗಿತ್ತು. ಒಳಗೆ ಅವರ ಹೆಂಡತಿ ನಜ್ಮುನ್ನೀಸಾ ಒಬ್ಬರೇ ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ನಾದುತ್ತಿದ್ದರು. ಈಸ್ಟ್ ಡಬ್ಬ ಅಲ್ಲಿದೆ, ನನ್ನ ಕೈ ಹಿಟ್ಟಾಗಿದೆ, ನೀನೇ ತಗೋ ಎಂದರು. ರಂಜಿತ ತಗೊಂಡಳು, ಒಂದು ನಿಮಿಷ ನಿಂತು ನೋಡಿದಳು, ಆಮೇಲೆ ಹೋಗಿ ಕೈ ತೊಳೆದು ಬಂದು ಪಕ್ಕದಲ್ಲಿ ನಿಂತು ನಾದತೊಡಗಿದಳು. ಮನೆಗೆ ಹೋದದ್ದು ಸಾಯಂಕಾಲ. ಗಾರ್ಮೆಂಟ್ಸ್ ಬಾಗಿಲು ಮತ್ತೆ ತೆರೆದಾಗ ಅವಳು ಅತ್ತ ತಲೆ ಹಾಕಲಿಲ್ಲ.

ಕೆಲಸ ಕಲಿತ ಮೇಲೆ ಅವಳಿಗೆ ತನ್ನದೇ ಒಂದು ಹುಚ್ಚು ಹತ್ತಿತು. ರಾಗಿ ಬೆರೆಸಿ, ಅಂಗಡಿಯ ಈಸ್ಟ್ ಹಾಕದೆ, ಮನೆಯಲ್ಲೇ ಹುದುಗಿಸಿದ ಹುಳಿಹಿಟ್ಟಿನಿಂದ ಉಬ್ಬುವ, ಮೇಲೆ ಗಟ್ಟಿಯಾಗಿ ಒಳಗೆ ಮೆತ್ತಗಿರುವ ಬ್ರೆಡ್ಡು ಮಾಡಬೇಕು ಎಂದು. ವಾರಗಟ್ಟಲೆ ಮುತುವರ್ಜಿಯಿಂದ ಬಾಟಲಿಯಲ್ಲಿ ಸಾಕಿದ ಹುಳಿಹಿಟ್ಟನ್ನು ದೇವಿರಮ್ಮ ಹಳಸಿದ ದೋಸೆ ಹಿಟ್ಟೆಂದುಕೊಂಡು ಪಕ್ಕದ ಮನೆಯ ಎಮ್ಮೆಯ ಕಲಗಚ್ಚಿಗೆ ಸುರಿದರು. ಎಮ್ಮೆ ಬಾನಿ ನೆಕ್ಕಿ ಖಾಲಿ ಮಾಡಿತಂತೆ. ರಂಜಿತ ಎರಡು ದಿನ ತಾಯಿಯ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಮತ್ತೆ ಬಾಟಲಿ ತೊಳೆದಳು.

ಬ್ರೆಡ್ಡು ಹೀಗೆ ಉಬ್ಬುತ್ತಾ ಇಳಿಯುತ್ತಾ ಇರುವಾಗ ಅವಳಿಗೆ ಇಪ್ಪತ್ತೇಳು ತುಂಬಿತು. ದೇವಿರಮ್ಮ ಕೆರಗೋಡಿನ ತವರಿನವರಿಗೆಲ್ಲ ಹೇಳಿ ಗಂಡು ಹುಡುಕಿಸತೊಡಗಿದರು. ಹತ್ತು ಜನ ಕಾರಿನಲ್ಲಿ ಬಂದು ಉಪ್ಪಿಟ್ಟು ತಿಂದು, ಆಮೇಲೆ ತಿಳಿಸ್ತೀವಿ ಎಂದು ಹೋಗುವ ಶಾಸ್ತ್ರ ತನಗೆ ಬೇಡವೆಂದು ರಂಜಿತ ಹಟ ಹಿಡಿದಳು. ಅವರು ಬಂದು ಹೆಣ್ಣು ನೋಡುವುದು ಬೇಡ, ನಾನೇ ಹೋಗಿ ಗಂಡು ನೋಡುತ್ತೇನೆ ಎಂದಳು. ಬೋರಯ್ಯ ಪೇಪರಿನಿಂದ ತಲೆ ಎತ್ತಲಿಲ್ಲ. ದೇವಿರಮ್ಮ, “ನೋಡು, ನೋಡು. ಯಾವನಾರ ಕಂಡ್ರೆ ನಂಗೂ ಒಸಿ ತೋರ್ಸು” ಎಂದರು.

ಹೇಳುವುದಕ್ಕೆ ಇದಕ್ಕಿಂತ ಸುಲಭದ ಕೆಲಸ ಇರಲಿಲ್ಲ. ಹೆಣ್ಣು ಸಿಗುತ್ತಿಲ್ಲವೆಂದು ಹುಡುಗರು ಗುಂಪು ಕಟ್ಟಿಕೊಂಡು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟ ಸೀಮೆ ಇದು. ಅವರು ಅಷ್ಟು ದೂರ ನಡೆಯುವ ಬದಲು ನಮ್ಮ ಬೇಕರಿಯವರೆಗೆ ನಡೆದಿದ್ದರೆ ಸಾಕಿತ್ತು ಎಂದು ನಜ್ಮುನ್ನೀಸಾ ಹೇಳುತ್ತಿದ್ದರು.

ರಂಜಿತ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡಳು. ಹತ್ತಿರದಲ್ಲಿರುವ ಹುಡುಗರನ್ನು ತೋರಿಸು ಎಂದದ್ದೇ ತಡ, ಅದು ಮೊಟ್ಟಮೊದಲು ತೋರಿಸಿದ್ದು ಅವಳ ಚಿಕ್ಕಪ್ಪನ ಮಗ ರಘುನಂದನ್‌ನನ್ನು. ಕಪ್ಪು ಕನ್ನಡಕ ಹಾಕಿ, ಯಾರದೋ ಬೈಕಿನ ಮೇಲೆ ಕಾಲು ಚಾಚಿ ಕುಳಿತಿದ್ದ. ಉದ್ಯೋಗ ಎಂದಿದ್ದ ಕಡೆ ‘ಬಿಸಿನೆಸ್’ ಎಂದು ಬರೆದಿದ್ದ. ಅವಳು ಕೂಡಲೇ ಫೋನ್ ಮಾಡಿ, ಅಣ್ಣ, ಯಾವಾಗಿಂದ ಬಿಸಿನೆಸ್ಸು ಎಂದು ಕೇಳಿದಳು. ಆಮೇಲೆ ಇಬ್ಬರೂ ಒಬ್ಬರ ವಿಷಯ ಇನ್ನೊಬ್ಬರು ಮನೆಯಲ್ಲಿ ಬಾಯಿ ಬಿಡಬಾರದೆಂದು ಒಪ್ಪಂದ ಮಾಡಿಕೊಂಡರು. ಅಣ್ಣತಂಗಿಯರ ನಡುವೆ ಅಷ್ಟು ಪ್ರೀತಿ ಅದಕ್ಕೆ ಮೊದಲು ಇರಲೇ ಇಲ್ಲ.

ಉಳಿದ ಹುಡುಗರದು ಬೇರೆಯೇ ತೊಡಕು. ಅವರೆಲ್ಲ ಎಚ್ಚರಾಗುವುದೇ ರಾತ್ರಿ ಹತ್ತರ ಮೇಲೆ. ಬೇಕರಿಯ ಭಟ್ಟಿ ಕೋಳಿ ಕೂಗುವ ಮುಂಚೆ ಹೊತ್ತಬೇಕಾದ್ದರಿಂದ ರಂಜಿತ ಧಾರಾವಾಹಿ ಮುಗಿಯುವ ಮೊದಲೇ ಮಲಗಿಬಿಡುವಳು. ಬೆಳಗಿನ ಜಾವ ಎದ್ದು ಮೊಬೈಲ್ ನೋಡಿದರೆ ಸಾಲಾಗಿ ಒಂದೇ ಮಾತು: ಊಟ ಆಯ್ತಾ? ಊಟ ಆಯ್ತಾ? ಊಟ ಆಯ್ತಾ? ನೋಡಿದವರು ಇವಳನ್ನು ಅನ್ನ ಕಾಣದ ಹುಡುಗಿ ಎಂದುಕೊಳ್ಳಬೇಕು. ಅವಳು ಆ ಹೊತ್ತಿಗೆ ಹಿಟ್ಟು ಕೈಯಲ್ಲೇ ‘ಆಯ್ತು’ ಎಂದು ಒತ್ತಿದರೆ ಅವರು ಗೊರಕೆ ಹೊಡೆಯುತ್ತಿರುವರು. ಒಬ್ಬನಂತೂ, ಬೆಳಗಿನ ಜಾವ ಎದ್ದು ಮೆಸೇಜ್ ಮಾಡುವ ಹೆಣ್ಣು ಒಳ್ಳೆಯ ಮನೆತನದವಳೇ ಎಂದು ಅನುಮಾನಪಟ್ಟು ಬ್ಲಾಕ್ ಮಾಡಿದ.

ಹಾಗೂ ಹೀಗೂ ಹಗಲಿನಲ್ಲಿ ಸಿಕ್ಕ ಮೊದಲನೆಯವನು ಮಳವಳ್ಳಿಯವನು. ಸ್ಕಾರ್ಪಿಯೋ ತಂದಿದ್ದ. ಮುತ್ತತ್ತಿಗೆ ಹೋಗೋಣ, ದೇವರ ದರ್ಶನವೂ ಆಗುತ್ತದೆ, ಹೊಳೆಯೂ ನೋಡಬಹುದು ಎಂದ. ರಂಜಿತ ತಾನೇ ಮಾಡಿದ ರಾಗಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ದಾರಿಯುದ್ದಕ್ಕೂ ಅವನು ಹೇಳಿದ್ದು ಸ್ಕಾರ್ಪಿಯೋ ವಿಷಯ. ಮದುವೆಯ ನಂತರ ಬೇಕರಿ ಕೆಲಸ ಬಿಡಬೇಕಾಗುತ್ತದೆ, ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ ಎಂದು ನಡುವೆ ಒಂದು ಸಲ ಹೇಳಿ, ಮತ್ತೆ ಟೈರಿನ ವಿಷಯಕ್ಕೆ ಹೋದ. ಆಂಜನೇಯನಿಗೆ ಕೈ ಮುಗಿದು ಕಾವೇರಿಯ ದಡಕ್ಕೆ ಇಳಿದ ಮೇಲೆ ಬಂಡೆಯ ಮೇಲೆ ನಿಂತು, ಇವಳ ಕೈಗೆ ಮೊಬೈಲ್ ಕೊಟ್ಟು, ತಾನು ಕೂದಲು ತೀಡಿಕೊಂಡು ನಡೆದು ಬರುವುದನ್ನು ರೀಲ್ಸ್ ತೆಗೆಯಲು ಹೇಳಿದ. ಮೊದಲನೆಯದು ಸರಿ ಬರಲಿಲ್ಲ. ಎರಡನೆಯದರಲ್ಲಿ ಬಿಸಿಲು ಜಾಸ್ತಿ. ಮೂರನೆಯದಕ್ಕೆ ಅವನು ನಡೆದು ಬರುತ್ತಿದ್ದಾಗ ಮರದಿಂದ ಒಂದು ಗಡವ ಕೋತಿ ಇಳಿದು ಬಂದು ಬಟ್ಟೆ ಬಿಚ್ಚಿ ಬ್ರೆಡ್ಡು ಎತ್ತಿಕೊಂಡು ಹೋಯಿತು.

ರಂಜಿತ ಮೊಬೈಲನ್ನು ಅತ್ತ ತಿರುಗಿಸಿದಳು. ಕೋತಿ ಕೊಂಬೆಯ ಮೇಲೆ ಕುಳಿತು ಬ್ರೆಡ್ಡನ್ನು ಮೂಸಿತು, ಮೇಲಿನ ಗಟ್ಟಿಯನ್ನು ಸುಲಿದು ಬಿಸಾಡಿತು, ಒಳಗಿನದನ್ನು ಚೂರು ಚೂರೇ ತೆಗೆದು ಯೋಚನೆ ಮಾಡುತ್ತಾ ತಿಂದಿತು. ಅಷ್ಟು ಗಮನ ಕೊಟ್ಟು ಅವಳ ಬ್ರೆಡ್ಡನ್ನು ಅದುವರೆಗೆ ಯಾರೂ ತಿಂದಿರಲಿಲ್ಲ. ಹುಡುಗ ಬಂದು ನೋಡಿದರೆ ರೀಲ್ಸ್ ತುಂಬ ಕೋತಿ. ವಾಪಸು ಬರುವಾಗ ಟೈರಿನ ಮಾತೂ ಇಲ್ಲ.

ಎರಡನೆಯವನು ರಾಜೇಂದ್ರ. ಮಂಡ್ಯದ ಒಂದು ಬೈಕ್ ಷೋರೂಮಿನಲ್ಲಿ ಕೆಲಸ. ಇವನ ಕಥೆ ನಗುವಂಥದ್ದಲ್ಲ, ಆದರೂ ಹೇಳಬೇಕು. ರಾಜೇಂದ್ರನಿಗೆ ಮಾತು ಬರುತ್ತಿತ್ತು, ಅದಕ್ಕಿಂತ ಅಪಾಯವೆಂದರೆ ಕೇಳಿಸಿಕೊಳ್ಳಲೂ ಬರುತ್ತಿತ್ತು. ಭಾನುವಾರ ಮಧ್ಯಾಹ್ನ ಮದ್ದೂರಿಗೆ ಬರುವನು. ಇಬ್ಬರೂ ಬಿಸಿ ವಡೆ ಕಟ್ಟಿಸಿಕೊಂಡು ಶಿಂಷಾ ಹೊಳೆಯ ಕಡೆ ನಡೆದು ಹೋಗುವರು. ಹುಳಿಹಿಟ್ಟು ಚಳಿಗೆ ಯಾಕೆ ಏಳುವುದಿಲ್ಲ ಎಂದು ರಂಜಿತ ವಿವರಿಸಿದರೆ ಹೌದಾ ಹೌದಾ ಎಂದು ಕೇಳುವನು. ರಾಗಿ ಬ್ರೆಡ್ಡು ಕೊಟ್ಟರೆ ಅಲ್ಲೇ ಮುರಿದು ಬಾಯಿಗೆ ಹಾಕಿಕೊಂಡು ‘ಸೂಪರ್’ ಎನ್ನುವನು. ವಾರ ವಾರವೂ ಒಂದು ಬ್ರೆಡ್ಡು, ವಾರ ವಾರವೂ ಒಂದು ಸೂಪರ್. ಅವನಿಗಾಗಿ ರಂಜಿತ ರಾತ್ರಿ ಹನ್ನೊಂದರವರೆಗೆ ಕಣ್ಣು ಬಿಟ್ಟುಕೊಂಡು ಚಾಟ್ ಮಾಡುವುದನ್ನೂ ಕಲಿತಳು. ಅದರ ಫಲವಾಗಿ ಒಂದು ಬೆಳಿಗ್ಗೆ ಭಟ್ಟಿಯ ಮುಂದೆ ಮೈದಾ ಮೂಟೆಗೆ ಒರಗಿ ನಿದ್ದೆ ಹೋಗಿ, ಇಡೀ ತಟ್ಟೆ ಬನ್ನು ಕರಕಲಾಯಿತು. ನಜ್ಮುನ್ನೀಸಾ ಬೈಯಲಿಲ್ಲ. ಹುಡುಗಿಯ ಮುಖ ನೋಡಿದರು, ಬನ್ನು ನೋಡಿದರು, ಎರಡರಲ್ಲಿ ಯಾವುದು ಹೆಚ್ಚು ಸೀದಿದೆ ಎಂದು ಮನಸ್ಸಿನಲ್ಲೇ ತೂಗಿ ಸುಮ್ಮನಾದರು.

ಚೌತಿ ಕಳೆಯುತ್ತಿದ್ದಂತೆ ರಾಜೇಂದ್ರ ಬಿಜಿಯಾದ. ಒಂದು ಭಾನುವಾರ ಸ್ಟಾಕು ಬಂತು, ಇನ್ನೊಂದು ಭಾನುವಾರ ಮ್ಯಾನೇಜರ್ ಬಂದ, ಮತ್ತೊಂದು ಭಾನುವಾರ ಕಾರಣವೂ ಬರಲಿಲ್ಲ. ಫೋನ್ ರಿಂಗಾಗಿ ರಿಂಗಾಗಿ ನಿಲ್ಲುವುದು. ಅವನಿಗೆ ಏನಾದರೂ ಆಯಿತೋ ಎಂದು ರಂಜಿತ ದೇವರಿಗೂ ಹರಕೆ ಹೊತ್ತಳು. ಆ ಹೊತ್ತಿಗೆ, ಅವಳ ವಿಷಯ ಬಲ್ಲ ರಘುನಂದನ್ ಒಂದು ಫೋಟೋ ಕಳಿಸಿದ. ಮಂಡ್ಯದ ಹತ್ತಿರದ ಒಂದು ಊರಬಾಗಿಲಲ್ಲಿ ಕಟ್ಟಿದ್ದ ಫ್ಲೆಕ್ಸು. ನಿಶ್ಚಿತಾರ್ಥದ ಹಾರ್ದಿಕ ಶುಭಾಶಯಗಳು ಎಂಬ ದಪ್ಪ ಅಕ್ಷರದ ಕೆಳಗೆ ರಾಜೇಂದ್ರ ಕೋಟು ಹಾಕಿಕೊಂಡು ನಗುತ್ತಿದ್ದ. ಪಕ್ಕದಲ್ಲಿ ರೇಷ್ಮೆ ಸೀರೆಯ ಹುಡುಗಿ. ಕೆಳಗೆ ಸಾಲಾಗಿ ಶುಭ ಕೋರುವ ಗೆಳೆಯರ ತಲೆಗಳು. ಅಷ್ಟೂ ಜನರಿಗೆ ಗೊತ್ತಿದ್ದದ್ದು ಇವಳೊಬ್ಬಳಿಗೆ ಗೊತ್ತಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಆ ನಿಶ್ಚಿತಾರ್ಥ ನಡೆದದ್ದು ಮದ್ದೂರಿನ ಒಂದು ಛತ್ರದಲ್ಲಿ. ಹುಡುಗನ ಸೋದರಮಾವ ಪಾಪ ಏನೂ ತಿಳಿಯದೆ ಕೇಕ್ ಹೇಳಲು ಬಂದದ್ದು ಪಾಷಾ ಬೇಕರಿಗೆ. ಹೆಸರು ಕೇಳಿದ ನಜ್ಮುನ್ನೀಸಾ, ಆ ದಿನ ಕೆಲಸ ತುಂಬ ಇದೆ, ಬೇರೆ ಕಡೆ ಹೇಳಿ ಎನ್ನುವುದಕ್ಕೆ ಬಾಯಿ ತೆರೆದಿದ್ದರು. ರಂಜಿತ ಒಳಗಿನಿಂದಲೇ, ಮಾಡಿಕೊಡುತ್ತೇವೆ ಎಂದಳು. ಬೇಕರಿಯಲ್ಲಿ ಕ್ರೀಮಿನಿಂದ ಕನ್ನಡ ಅಕ್ಷರ ಚೆನ್ನಾಗಿ ಬರೆಯುವವಳು ಅವಳೊಬ್ಬಳೇ. ಎರಡು ಹೆಸರನ್ನೂ ಒಂದು ಕೊಂಬು ತಪ್ಪದೆ ಬರೆದು, ಸುತ್ತ ಗುಲಾಬಿ ಇಟ್ಟಳು. ಅವಳ ಕೈ ಉಪ್ಪಿನ ಡಬ್ಬದ ಕಡೆ ಹೋಗುತ್ತದೇನೋ ಎಂದು ಅಫ್ಸರ್ ಪಾಷಾ ಕುರ್ಚಿಯಲ್ಲೇ ಕತ್ತು ಚಾಚಿ ನೋಡುತ್ತಿದ್ದರು. ಹೋಗಲಿಲ್ಲ. ಕೇಕು ಆಟೋ ಹತ್ತಿ ಹೋದ ಮೇಲೆ ಅವಳು ಒಳಗೆ ಬಂದು, ಆಗಲೇ ನಾದಿ ಇಟ್ಟಿದ್ದ ಹಿಟ್ಟನ್ನು ಎಳೆದುಕೊಂಡು ಮತ್ತೆ ನಾದತೊಡಗಿದಳು. ಕಣ್ಣಿಂದ ನೀರು ಟಪಟಪ ಬೀಳುತ್ತಿತ್ತು.

“ಅಳೋದಾದ್ರೆ ಆಚೆ ಹೋಗಿ ಅಳು ಬೇಟಿ,” ಎಂದರು ನಜ್ಮುನ್ನೀಸಾ. “ಹಿಟ್ಟಿಗೆ ಉಪ್ಪು ಆಗ್ಲೇ ಹಾಕಿದೀನಿ.”

ರಂಜಿತ ಅಳುತ್ತಲೇ ನಕ್ಕುಬಿಟ್ಟಳು. ನಜ್ಮುನ್ನೀಸಾ ಅವಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಸೌದೆಯ ಮೇಲೆ ಕೂರಿಸಿ ಚಹಾ ಕೊಟ್ಟರು. ತಾವೂ ಕುಳಿತರು.

ದುಃಖ ಸ್ವಲ್ಪ ಆರಿದ ಮೇಲೆ ಅವಳು ಒಂದು ದಿನ ತನ್ನ ರಾಗಿ ಬ್ರೆಡ್ಡನ್ನು ತಾನೇ ಕುಯ್ದು, ಬೇರೆ ಯಾರೋ ಮಾಡಿದ್ದೆಂದು ಅಂದುಕೊಂಡು ತಿಂದಳು. ಇಟ್ಟಿಗೆಯ ಹಾಗಿತ್ತು. ನಡುವೆ ಹಸಿಹಸಿ. ಇಷ್ಟು ದಿನ ಸೂಪರ್ ಸೂಪರ್ ಎಂದು ಹೇಳಿ ಆ ಮನುಷ್ಯ ತನ್ನ ಮನಸ್ಸಲ್ಲದೆ ಬ್ರೆಡ್ಡನ್ನೂ ಕೆಡಿಸಿದ್ದ ಎಂದು ಆಗ ಅರಿವಾಯಿತು. ರಾಜೇಂದ್ರನ ಮೇಲೆ ನಿಜವಾದ ಸಿಟ್ಟು ಬಂದದ್ದು ಆವತ್ತು. ಅವಳು ಆ್ಯಪ್ ತೆಗೆದು ಹಾಕಿದಳು. ರಾಗಿ ಕಡಿಮೆ ಮಾಡಿದಳು, ನೀರು ಹೆಚ್ಚಿಸಿದಳು, ಹಿಟ್ಟಿಗೆ ಇಡೀ ರಾತ್ರಿ ವಿರಾಮ ಕೊಟ್ಟಳು. ಸಂಕ್ರಾಂತಿಯ ಹೊತ್ತಿಗೆ ಒಂದು ಬ್ರೆಡ್ಡು ಭಟ್ಟಿಯಿಂದ ಕಂದು ಬಣ್ಣ ತಿರುಗಿ, ಮೇಲೆ ಸೀಳು ಬಿಟ್ಟು, ಎದೆಯುಬ್ಬಿಸಿಕೊಂಡು ಹೊರಗೆ ಬಂತು. ಒಳಗೆ ಜೇನುಗೂಡಿನಂತೆ ತೂತು ತೂತು. ನಜ್ಮುನ್ನೀಸಾ ಎರಡು ಚೂರು ತಿಂದು, ಮೂರನೆಯದಕ್ಕೆ ಕೈ ಹಾಕಿ, ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿ ಇಡು ಎಂದರು.

ಕಪಾಟಿಗೆ ಇಟ್ಟ ಮೊದಲನೆಯ ರಾಗಿ ಬ್ರೆಡ್ಡನ್ನು ಕೊಂಡವನು ಮಾರನೆಯ ದಿನವೇ ಅದನ್ನು ವಾಪಸು ತಂದ. ಸಣಕಲು ಮೈ, ಕೆದರಿದ ತಲೆ, ಕೆಂಪು ಕಣ್ಣು. ಯಾವುದೋ ಮೂಟೆಯಿಂದ ಎಳೆದು ತೆಗೆದಂಥ ಅಂಗಿ. ಹೆಸರು ಚಲುವರಾಜು ಎಂದು ಆಮೇಲೆ ತಿಳಿದಾಗ, ಇಟ್ಟವರು ತುಂಬ ಆಸೆ ಇಟ್ಟುಕೊಂಡಿದ್ದಿರಬೇಕು ಎಂದು ರಂಜಿತ ಅಂದುಕೊಂಡಳು. ಹನಕೆರೆ ರೈಲ್ವೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಗಾಡಿ ಬಂದಾಗ ಬಾವುಟ ತೋರಿಸುವ, ಹಳಿ ನೋಡಿಕೊಳ್ಳುವ ಕೆಲಸ. ಅವನ ತಾಯಿ ಜ್ವರ ಬಂದು ಮದ್ದೂರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ರಾತ್ರಿ ಪಾಳಿ ಮುಗಿಸಿ ನೇರ ಅಲ್ಲಿಗೆ ಬರುತ್ತಿದ್ದ.

“ನಮ್ಮವ್ವಂಗೆ ಬಾಯಲ್ಲಿ ಒಂದಲ್ಲೂ ಇಲ್ಲ ಕಣ್ರಿ. ಇದ್ನ ಎಂಗ್ ತಿಂದಾರು?” ಎಂದು ಉಳಿದಿದ್ದ ಬ್ರೆಡ್ಡನ್ನು ಗಾಜಿನ ಮೇಲೆ ಇಟ್ಟ. ಗಾಜು ಟಣ್ ಎಂದಿತು.

ಮೇಲಿನ ಸಿಪ್ಪೆ ತೆಗೆದು, ಒಳಗಿನದನ್ನು ಹಾಲಿನಲ್ಲಿ ಅದ್ದಿ ಕೊಡಿ ಎಂದು ರಂಜಿತ ಬಿಗಿಯಾಗಿ ಹೇಳಿದಳು.

“ಸಿಪ್ಪೆ ತೆಗ್ಯಕೆ ಕೊಡ್ಲಿ ಬೇಕಾಯ್ತದೆ.”

ಒಳಗೆ ನಜ್ಮುನ್ನೀಸಾ ನಗುವುದು ಕೇಳಿಸಿತು. ರಂಜಿತ ಒಂದು ಪೌಂಡು ಮೆತ್ತನೆಯ ಬ್ರೆಡ್ಡು ಕಟ್ಟಿ ಕೊಟ್ಟು, ರಾಗಿ ಬ್ರೆಡ್ಡನ್ನು ತನ್ನ ಕಡೆ ಎಳೆದುಕೊಂಡಳು. ಅವನು ಅದನ್ನು ಮತ್ತೆ ತನ್ನ ಕಡೆ ಎಳೆದುಕೊಂಡ.

“ಇದು ನಂಗಿರ್ಲಿ. ರಾತ್ರಿ ಡ್ಯೂಟೀಲಿ ನಿದ್ದೆ ಬರ್ದಂಗೆ ಅಗೀತಾ ಕೂತ್ಕಬೋದು. ನೆನ್ನೆ ಅರ್ಧ ಅಂಗೇ ಮುಗುಸ್ದೆ.”

ಇದು ಹೊಗಳಿಕೆಯೋ ಅಲ್ಲವೋ ಎಂದು ರಂಜಿತ ಆ ದಿನವೆಲ್ಲ ಯೋಚಿಸಿದಳು. ಸಂಜೆಯ ಹೊತ್ತಿಗೂ ತೀರ್ಮಾನವಾಗಲಿಲ್ಲ.

ಅವನು ದಿನಾ ಬಂದ. ಅವನ ತಾಯಿ ಗುಣವಾಗಿ ಮನೆಗೆ ಹೋದರು. ಅವನು ಬರುವುದು ನಿಲ್ಲಲಿಲ್ಲ. ಹನಕೆರೆಯವನು ಹನಕೆರೆಯಲ್ಲಿ ಕೆಲಸ ಮುಗಿಸಿ, ರೈಲು ಹತ್ತಿ ಮದ್ದೂರಿಗೆ ಬಂದು ಬ್ರೆಡ್ಡು ಕೊಂಡು, ಮತ್ತೆ ಹನಕೆರೆಗೆ ಹೋಗಿ ಮಲಗುವುದು ಎಂದರೆ ಸಾಮಾನ್ಯವೇ? ಅವ್ವನಿಗೆ ವಾಸಿಯಾಗಿ ಎಷ್ಟೋ ದಿನವಾಯಿತು, ಈಗ ಇವನಿಗೆ ಯಾವ ಜ್ವರ ಬಂದಿದೆಯೋ ಕೇಳು ಎಂದು ನಜ್ಮುನ್ನೀಸಾ ರಂಜಿತಳ ಕಿವಿಯಲ್ಲಿ ಹೇಳಿದರು. ರಂಜಿತ ಕೇಳಲಿಲ್ಲ. ಒಂದು ಸಲ ಸುಟ್ಟುಕೊಂಡವಳು. ಆದರೆ ಅವನು ಬರುವ ಹೊತ್ತಿಗೆ ಸರಿಯಾಗಿ ಅವಳಿಗೆ ಗಾಜು ಒರೆಸುವ ಕೆಲಸ ಬೀಳುತ್ತಿತ್ತು.

ಕೊನೆಗೆ ಅವನೇ ಕೇಳಿದ, ಪಿಚ್ಚರ್‌ಗೆ ಬತ್ತೀರಾ ಎಂದು. ಬೆಳಗಿನ ಆಟಕ್ಕೆ ಎಂದ. ಬೆಳಗಿನ ಆಟಕ್ಕೆ ಹುಡುಗಿಯನ್ನು ಕರೆದ ಗಂಡಸು ಮೂರು ತಾಲ್ಲೂಕಿನಲ್ಲಿ ಇವನೊಬ್ಬನೇ ಇದ್ದಿರಬೇಕು. ರಂಜಿತ ತಲೆಯಾಡಿಸಿದಳು. ಗೆಳತಿಯ ಜೊತೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಕಿವಿಗೆ ಜುಮುಕಿ ಹಾಕಿಕೊಂಡು, ಕೂದಲಲ್ಲಿ ಅಂಟಿದ್ದ ಮೈದಾ ಕೊಡವಿಕೊಂಡು ಮಂಡ್ಯಕ್ಕೆ ಹೋದಳು. ಟಾಕೀಸಿನಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು, ಸೀಟು ಮೆತ್ತಗಿತ್ತು, ಕತ್ತಲೆ ತಂಪಾಗಿತ್ತು. ಒಬ್ಬನು ರಾತ್ರಿಯೆಲ್ಲ ಎದ್ದಿದ್ದವನು, ಇನ್ನೊಬ್ಬಳು ಕೋಳಿಗಿಂತ ಮೊದಲು ಎದ್ದವಳು. ಹೆಸರು ತೋರಿಸುವುದು ಮುಗಿಯುವ ಮೊದಲೇ ಇಬ್ಬರಿಗೂ ನಿದ್ದೆ ಹತ್ತಿತು. ಇಂಟರ್‌ವಲ್ಲು ಬಂದು ಹೋಯಿತು, ಫೈಟಿಂಗು ಬಂದು ಹೋಯಿತು. ಕಸ ಗುಡಿಸುವ ಹೆಂಗಸು ಬಂದು ಪೊರಕೆಯ ಹಿಡಿಯಿಂದ ಸೀಟಿಗೆ ತಟ್ಟಿ, ಇನ್ನೂ ಮಲಗುವುದಿದ್ದರೆ ಮುಂದಿನ ಆಟಕ್ಕೆ ಟಿಕೆಟ್ ತಗೊಳ್ಳಿ ಎಂದಾಗ ಎಚ್ಚರವಾಯಿತು. ರಂಜಿತಳ ತಲೆ ಅವನ ಭುಜದ ಮೇಲಿತ್ತು, ಅವನ ಅಂಗಿಯ ಮೇಲೆ ಇಷ್ಟಗಲ ಜೊಲ್ಲಿನ ಕಲೆ ಇತ್ತು. ಅವಳು ನಾಚಿಕೆಯಿಂದ ಭೂಮಿಗಿಳಿದು ಹೋದಳು. ಅವನು ಕಣ್ಣುಜ್ಜಿಕೊಂಡು, ಇಂಥ ನಿದ್ದೆ ಮಾಡಿ ತಿಂಗಳುಗಳೇ ಆಗಿತ್ತು ಎಂದ.

ಸಂಜೆ ದೇವಿರಮ್ಮ ಸಿನಿಮಾದ ಕಥೆ ಕೇಳಿದರು. ರಂಜಿತ ಅಡುಗೆಮನೆಯಲ್ಲಿ ನಿಂತು ಒಂದು ಇಡೀ ಕಥೆ ಕಟ್ಟಿ ಹೇಳಿದಳು. ಎರಡು ತಿಂಗಳ ಮೇಲೆ ಆ ಸಿನಿಮಾ ಟಿವಿಯಲ್ಲಿ ಬಂದಾಗ ದೇವಿರಮ್ಮ, ನೀನು ಹೇಳಿದ್ದೇ ಚೆನ್ನಾಗಿತ್ತು ಎಂದರು.

ಎಲ್ಲ ಸಲೀಸಾಗಿ ಸಾಗಿತು ಎಂದರೆ ಸುಳ್ಳಾಗುತ್ತದೆ. ಬೇಸಿಗೆಯಲ್ಲಿ ಚಲುವರಾಜುವಿಗೆ ಹಗಲು ಪಾಳಿ ಬಿತ್ತು. ಜೊತೆಯವನೊಬ್ಬ ರಜೆ ಹಾಕಿ ಇವನ ಮೇಲೆ ಇಬ್ಬರ ಕೆಲಸ ಬಿತ್ತು. ಬೇಕರಿಗೆ ಬರಲಿಲ್ಲ, ಫೋನ್ ಮಾಡಿದರೆ ಎತ್ತಲಿಲ್ಲ. ಎರಡು ದಿನ ರಂಜಿತ ತಾಳಿಕೊಂಡಳು. ಮೂರನೆಯ ದಿನ ಅವಳ ಕಣ್ಣಿಗೆ ಹೋದಲ್ಲೆಲ್ಲ ಫ್ಲೆಕ್ಸು ಕಾಣತೊಡಗಿತು. ಈ ಸಲ ಫೋಟೋ ಬರುವವರೆಗೆ ಕಾಯುವುದಿಲ್ಲ ಎಂದು ನಜ್ಮುನ್ನೀಸಾ ಅವರಿಗೆ ಹೇಳಿ, ಏಪ್ರನ್ನಿನಲ್ಲೇ ರೈಲು ಹತ್ತಿ ಹನಕೆರೆಯಲ್ಲಿ ಇಳಿದಳು.

ಚಲುವರಾಜು ಪ್ಲಾಟ್‌ಫಾರಂ ಮೇಲೆ ಹಸಿರು ಬಾವುಟ ಹಿಡಿದು ನಿಂತಿದ್ದ. ಅವಳನ್ನು ಕಂಡು ಕಣ್ಣರಳಿಸಿದ, ಆದರೆ ಬಾವುಟ ಕೆಳಗಿಳಿಸುವಂತಿರಲಿಲ್ಲ. ಮೈಸೂರಿನ ಕಡೆಯಿಂದ ಎಕ್ಸ್‌ಪ್ರೆಸ್ಸು ಬರುತ್ತಿತ್ತು. ರಂಜಿತ ಎದುರಿಗೆ ಹೋಗಿ ನಿಂತು ಶುರು ಮಾಡಿದಳು. ಗಂಡಸರಿಗೆಲ್ಲ ತಾನು ಏನು ಧರ್ಮಛತ್ರವೇ, ಬೇಕಾದಾಗ ಬಂದು ಬೇಡದಾಗ ಎದ್ದು ಹೋಗಲಿಕ್ಕೆ ಎಂದಳು. ಬೇಡವಾದರೆ ಬೇಡ ಎಂದು ಬಾಯಿ ಬಿಟ್ಟು ಹೇಳಲು ಎಷ್ಟು ಹೊತ್ತು ಬೇಕು ಎಂದಳು. ಅವನು ಬಂದಿದ್ದರಿಂದ ತನಗೆ ಎಷ್ಟು ಸಂತೋಷವಾಗಿತ್ತೆಂಬುದನ್ನೂ ಸಿಟ್ಟಿನ ಭರದಲ್ಲಿ ಹೇಳಿಬಿಟ್ಟಳು. ಅಷ್ಟರಲ್ಲಿ ಎಕ್ಸ್‌ಪ್ರೆಸ್ಸು ಸ್ಟೇಷನ್ನಿಗೆ ನುಗ್ಗಿತು. ಡಬ್ಬಿಯ ಮೇಲೆ ಡಬ್ಬಿ ಧಡಧಡ ಎಂದು ಹಾದು ಹೋಗುವವರೆಗೆ ಅವಳ ಬಾಯಿ ಆಡುತ್ತಿದ್ದದ್ದು ಮಾತ್ರ ಕಾಣುತ್ತಿತ್ತು. ಕೊನೆಯ ಡಬ್ಬಿ ದಾಟಿ, ದೂಳು ಇಳಿದು, ಅವನು ಬಾವುಟ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

“ಏನಂದ್ರಿ?”

“ಏನಿಲ್ಲ.”

“ಇಲ್ಲ, ಬೈತಿದ್ರಿ. ಇನ್ನೊಂದ್ ದಪ ಬೈರಿ, ಈಗ ಅರ್ಧ ಗಂಟೆ ಯಾವ ಗಾಡಿನೂ ಇಲ್ಲ.”

ರಂಜಿತ ಸಿಮೆಂಟಿನ ಬೆಂಚಿನ ಮೇಲೆ ಕುಳಿತಳು. ಅವನು, ಡ್ಯೂಟಿಯಲ್ಲಿ ಫೋನು ಮುಟ್ಟುವಂತಿಲ್ಲ, ಡ್ಯೂಟಿ ಮುಗಿದರೆ ಹಾಸಿಗೆ ಮುಟ್ಟುವ ಮೊದಲೇ ನಿದ್ದೆ ಎಂದು ವಿವರಿಸಿ, ಮೊದಲೇ ತಿಳಿಸಬೇಕಿತ್ತು, ತಪ್ಪಾಯಿತು ಎಂದ. ಸ್ವಲ್ಪ ಹೊತ್ತು ಬಿಟ್ಟು ಅವಳು ರಾಜೇಂದ್ರನ ವಿಷಯವನ್ನೆಲ್ಲ ಹೇಳಿದಳು, ಕೇಕಿನದೂ ಸೇರಿ. ಚಲುವರಾಜು ಗಂಭೀರವಾಗಿ ಕೇಳಿ, ಕೇಕಿಗೆ ಮೆಣಸಿನ ಪುಡಿಯಾದರೂ ಹಾಕಬಾರದಿತ್ತೇ ಎಂದ. ಆವತ್ತಿನಿಂದ ಪಾಳಿ ಬದಲಾಗುವ ಮೊದಲೇ ತಿಳಿಸುವುದನ್ನು ಅಭ್ಯಾಸ ಮಾಡಿಕೊಂಡ.

ಮನೆಯಲ್ಲಿ ಹೇಳುವ ದಿನ ರಂಜಿತ ದೊಡ್ಡ ಯುದ್ಧಕ್ಕೆ ಸಿದ್ಧಳಾಗಿ ಹೋಗಿದ್ದಳು. ಊಟ ಬಿಡುವುದು, ಮಾತು ಬಿಡುವುದು, ನಜ್ಮುನ್ನೀಸಾ ಅವರ ಮನೆಗೆ ಹೋಗಿ ಇದ್ದುಬಿಡುವುದು, ಎಲ್ಲವನ್ನೂ ಯೋಚಿಸಿಟ್ಟಿದ್ದಳು. ಒಬ್ಬ ಹುಡುಗ ಇದ್ದಾನೆ, ರೈಲ್ವೆಯಲ್ಲಿದ್ದಾನೆ ಎಂದಳು. ಮುಂದಿನ ಮಾತಿಗೆ ಅವಕಾಶವೇ ಸಿಗಲಿಲ್ಲ. ದೇವಿರಮ್ಮನವರ ಕಣ್ಣಲ್ಲಿ ದೀಪ ಹತ್ತಿತು.

“ಪರ್ಮನೆಂಟಾ?”

ಪರ್ಮನೆಂಟು ಎಂದಳು. ಅಲ್ಲಿಗೆ ಯುದ್ಧ ಮುಗಿಯಿತು. ಒಂದು ಗಂಟೆಯೊಳಗೆ ದೇವಿರಮ್ಮ ನಾಲ್ಕು ಕಡೆ ಫೋನ್ ಮಾಡಿ, ಹುಡುಗ ಯಾರ ಪೈಕಿ, ಅಜ್ಜಿಯ ತವರು ಯಾವುದು ಎಲ್ಲ ತಿಳಿದುಕೊಂಡು, ನಮ್ಮೋರೇ ಎಂದು ಘೋಷಿಸಿದರು. ರಂಜಿತ ಒಂದು ಸಲವೂ ಅವನ ಜಾತಿ ಕೇಳಿರಲಿಲ್ಲ; ಆದರೆ ಅದನ್ನು ಯಾರೂ ನಂಬಲಿಲ್ಲ, ರಘುನಂದನ್ ಅಂತೂ ಫೋನಿನಲ್ಲಿ ಬಿದ್ದು ಬಿದ್ದು ನಕ್ಕ. ಇಷ್ಟು ದಿನ ಕದ್ದು ಮುಚ್ಚಿ ಬೆಳೆಸಿದ ತನ್ನ ಪ್ರೇಮ, ಸಂಜೆಯೊಳಗೆ ಅವ್ವ ಹುಡುಕಿದ ಸಂಬಂಧವಾಗಿ ಹೋದದ್ದನ್ನು ನೋಡಿ ಅವಳಿಗೆ ಹೊಟ್ಟೆ ಉರಿಯಿತು. ವಿರೋಧ ಮಾಡಿದ್ದು ಬೋರಯ್ಯ ಒಬ್ಬರೇ. ಮೂವತ್ತು ವರ್ಷ ಬಸ್ಸಿನಲ್ಲಿ ದುಡಿದವನ ಮನೆಗೆ ರೈಲಿನವನನ್ನು ತರುವುದೇ, ಅವರು ನಮ್ಮ ಪ್ಯಾಸೆಂ‍ಜರನ್ನೆಲ್ಲ ಎಳೆದುಕೊಂಡವರು ಎಂದು ಅವರ ವಾದ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅಂತೂ ಬೇಡ ಬೇಡವೆಂದರೂ ಆ ಶಾಸ್ತ್ರ ನಡೆದೇ ತೀರಿತು. ಆಷಾಢ ಕಳೆದ ಮೊದಲ ಭಾನುವಾರ ಹನಕೆರೆಯಿಂದ ಚಲುವರಾಜು, ಅವನ ತಾಯಿ, ದೊಡ್ಡಪ್ಪ ದೊಡ್ಡಮ್ಮ ಬಂದರು. ಉಪ್ಪಿಟ್ಟೂ ಆಯಿತು, ಕೇಸರಿಬಾತೂ ಆಯಿತು. ನಜ್ಮುನ್ನೀಸಾ ಮತ್ತು ಅಫ್ಸರ್ ಪಾಷಾ ಒಂದು ಡಬ್ಬ ಬೆಣ್ಣೆ ಬಿಸ್ಕತ್ತು ತಂದು ಹೆಣ್ಣಿನ ಕಡೆಯವರಾಗಿ ಕುಳಿತಿದ್ದರು. ಚಲುವರಾಜುವಿನ ತಾಯಿ ಎಲ್ಲವನ್ನೂ ತಿಂದು ಕೈ ತೊಳೆದು ಬಂದು, ರಂಜಿತಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬ್ರೆಡ್ಡು ಬನ್ನು ಎಲ್ಲ ಸರಿ, ಮುದ್ದೆ ಕಟ್ಟಲು ಬರುತ್ತದೋ ಎಂದು ಕೇಳಿದರು.

ಮುದ್ದೆ ಬರದ ಹೆಣ್ಣು ಮಂಡ್ಯ ಸೀಮೆಯಲ್ಲಿ ಇರಬಹುದೆಂಬುದನ್ನೇ ಅಲ್ಲಿ ಯಾರೂ ಊಹಿಸಿದವರಲ್ಲ. ಬರುತ್ತದೆ ಎಂದು ಹೇಳು ಎಂದು ದೇವಿರಮ್ಮ ಕಣ್ಣಲ್ಲೇ ಅಪ್ಪಣೆ ಕೊಟ್ಟರು. ರಂಜಿತ ನಿಜ ಹೇಳಿದಳು: ಬರುವುದಿಲ್ಲ, ಕಟ್ಟಿದರೆ ಗಂಟು ಗಂಟಾಗುತ್ತದೆ.

“ನಂಗೆ ಬತ್ತದೆ ಬುಡವ್ವ,” ಎಂದ ಚಲುವರಾಜು, ಕೇಸರಿಬಾತಿನ ತಟ್ಟೆಯಿಂದ ತಲೆ ಎತ್ತಿ. “ಸ್ಟೇಸನ್ನಲ್ಲಿ ದಿನಾ ನಾನೇ ಕಟ್ಟೋದು. ನಮ್ ಮಾಸ್ಟ್ರೂ ನಂದೇ ತಿನ್ನೋದು.”

ತಾಯಿ ಮಗನ ಕಡೆ ತಿರುಗಿದರು. ಹೆಣ್ಣಿನ ವಿಷಯ ಅವರ ತಲೆಯಿಂದ ಪೂರ್ತಿ ಹೋಗಿತ್ತು.

“ದಿನಾ ಕಟ್ತಿಯಾ? ಅಲ್ಲ ಕಣ್ಲಾ, ನಾನು ಜ್ವರದಿಂದ ಎದ್ದು ತೂರಾಡ್ಕಂಡು ಒಲೆ ಮುಂದೆ ನಿಂತ್ಕಂಡು ಕಟ್ತಿದ್ನಲ್ಲ, ಆಗ ಎಲ್ಲೋಗಿತ್ಲಾ ನಿನ್ ಕೈ?”

ಚಲುವರಾಜು ಮತ್ತೆ ತಟ್ಟೆಗೆ ತಲೆ ಹಾಕಿದ. ಬೋರಯ್ಯನವರು ಆ ದಿನ ಮೊದಲ ಸಲ ಅವನನ್ನು ಮಮತೆಯಿಂದ ನೋಡಿದರು.

ಮದುವೆ ಕಾರ್ತಿಕದಲ್ಲಿ ಆಯಿತು. ಈಗ ಇಬ್ಬರೂ ಮದ್ದೂರಿನಲ್ಲೇ ಬೇಕರಿಯ ಹಿಂದಿನ ಬೀದಿಯಲ್ಲಿ ಒಂದು ಮನೆ ಮಾಡಿಕೊಂಡಿದ್ದಾರೆ. ರಾಗಿ ಬ್ರೆಡ್ಡು ಮಂಡ್ಯದ ಎರಡು ಅಂಗಡಿಗೂ ಹೋಗುತ್ತದೆ. ಅತ್ತೆ ತಿಂಗಳಿಗೊಮ್ಮೆ ಹನಕೆರೆಯಿಂದ ಬಂದು, ಸೊಸೆ ಬೇಕರಿಗೆ ಹೋದ ಹೊತ್ತು ನೋಡಿ ಮಗನಿಂದ ಮುದ್ದೆ ಕಟ್ಟಿಸಿಕೊಂಡು ಉಣ್ಣುತ್ತಾರೆ. ಕೂತು, ಕಾಲು ಚಾಚಿಕೊಂಡು, ಉಪ್ಪು ಸಾಲದು ಎನ್ನುತ್ತಾರೆ.